ವಿವಾಲ್ದಿಯ ಸಂಗೀತನಿಧಿ

ಇಟಲಿ ದೇಶದ ಸಂಗೀತಕಾರನಾದ ಆಂಟೋನಿಯೋ ವಿವಾಲ್ದಿಯ ಹೆಸರು ಇಂದು ಲೋಕವಿಖ್ಯಾತವಾಗಿದೆ. ಪಾಶ್ಚಾತ್ಯ ಸಂಗೀತದ ಪರಿಚಯವಿಲ್ಲದವರ ಕಿವಿಗೂ ಅವನ ‘ನಾಲ್ಕು ಋತುಗಳು’ ಒಮ್ಮೆಯಾದರೂ ಬಿದ್ದಿರುವುದುಂಟು. ಆದರೆ ಅವನು ಕಾಲವಾದ ಮೇಲೆ ಸುಮಾರು ಎರಡು ಶತಮಾನಗಳವರೆಗೆ ಅವನ ಕೃತಿಗಳಲ್ಲಿ ಬಹುಭಾಗವು ಕಪಾಟುಗಳ ಕತ್ತಲೆಯಲ್ಲಿ ಬಿದ್ದಿದ್ದಿತು. ಆ ನಿಧಿಯು ಚದುರಿಹೋಗದೆ ಉಳಿದುಬಂದುದಕ್ಕೆ ರಾಜಾಶ್ರಯವು ಕಾರಣವಲ್ಲ. ಪುತ್ರಶೋಕದಿಂದ ಬೆಂದ ಇಬ್ಬರು ತಂದೆಯರ ಔದಾರ್ಯವು ಕಾರಣ.

ವಿವಾಲ್ದಿಯು 1678ನೆಯ ಇಸವಿ ಮಾರ್ಚಿ 4ರಂದು ವೆನಿಸ್ ನಗರದಲ್ಲಿ ಜನಿಸಿದನು. ಅವನ ತಂದೆಯು ಸಾನ್ ಮಾರ್ಕೋ ದೇವಾಲಯದಲ್ಲಿ ಪಿಟೀಲು ನುಡಿಸುವವನಾಗಿದ್ದನು. ಮಗನು 1703ರಲ್ಲಿ ಪಾದ್ರಿಯ ದೀಕ್ಷೆಯನ್ನು ಪಡೆದನು. ತಲೆಗೂದಲು ಕೆಂಪಾಗಿದ್ದುದರಿಂದ ‘ಕೆಂಪು ಪಾದ್ರಿ’ ಎಂದೇ ಜನರು ಅವನನ್ನು ಕರೆಯುತ್ತಿದ್ದರು. ಎದೆಬಿಗಿತದ ವ್ಯಾಧಿಯಿಂದ ತಾನು ಪೂಜೆ ನಡೆಸುವುದನ್ನು ಬಿಟ್ಟುದಾಗಿ 1737ರ ಕಾಗದವೊಂದರಲ್ಲಿ ಅವನೇ ಬರೆದಿದ್ದಾನೆ. ದೀಕ್ಷೆಯಾದ ವರ್ಷವೇ ಅವನು ಪಿಯೆತಾ ಎಂಬ ಅನಾಥಾಲಯದಲ್ಲಿ ಪಿಟೀಲಿನ ಉಪಾಧ್ಯಾಯನಾದನು.

ಹೆತ್ತವರು ತೊರೆದ ಶಿಶುಗಳನ್ನು ಸಾಕುತ್ತಿದ್ದ ಆ ಮಂದಿರದಲ್ಲಿ ಹೆಣ್ಣುಮಕ್ಕಳಿಗೆ ಸಂಗೀತವನ್ನು ಶಾಸ್ತ್ರೋಕ್ತವಾಗಿ ಕಲಿಸುತ್ತಿದ್ದರು. ಅವರಿಗೆ ಮನೆತನದ ಹೆಸರಿಲ್ಲ. ನುಡಿಸುವ ವಾದ್ಯವೇ ಮನೆತನ. ಆನ್ನಾ ಮರೀಯಾ ಎಂಬವಳನ್ನು ‘ಪಿಟೀಲಿನ ಆನ್ನಾ ಮರೀಯಾ’ ಎಂದು ಕರೆಯುತ್ತಿದ್ದರು. ಗುರುವು ಅವಳಿಗಾಗಿಯೇ ಹಲವು ಕೃತಿಗಳನ್ನು ರಚಿಸಿದನು. ಈ ಬಾಲೆಯರು ಕಬ್ಬಿಣದ ಜಾಲರಿಯ ಹಿಂದೆ ಮರೆಯಾಗಿ ಹಾಡುತ್ತಿದ್ದರು. ಅದನ್ನು ಕೇಳಲೆಂದು ದೂರದೇಶಗಳ ಯಾತ್ರಿಕರೂ ಬರುತ್ತಿದ್ದರು.

ವಿವಾಲ್ದಿಯು ರಚಿಸಿದ ಕೊಂಚೆರ್ತೋಗಳು ಸುಮಾರು 500. ಅವುಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ಪಿಟೀಲಿಗಾಗಿ ಹುಟ್ಟಿದವು. ಕೊಂಚೆರ್ತೋ ಎಂದರೆ ಪ್ರಧಾನ ವಾದ್ಯಕ್ಕೂ ವಾದ್ಯವೃಂದಕ್ಕೂ ನಡೆಯುವ ಸಂವಾದ. ಸಾಮಾನ್ಯವಾಗಿ ಅದು ಮೂರು ಭಾಗಗಳುಳ್ಳದ್ದು: ಮೊದಲನೆಯದು ದ್ರುತ, ನಡುವಿನದು ವಿಳಂಬ, ಕಡೆಯದು ಪುನಃ ದ್ರುತ. ದ್ರುತಭಾಗಗಳಲ್ಲಿ ವೃಂದವು ಒಂದು ಮುಖ್ಯ ಪದವನ್ನು ನುಡಿಸುತ್ತದೆ. ಪ್ರಧಾನ ವಾದ್ಯವು ತನ್ನ ಚಮತ್ಕಾರವನ್ನು ತೋರಿದ ಮೇಲೆ ಆ ಪದವು, ಕೀರ್ತನೆಯಲ್ಲಿ ಪಲ್ಲವಿಯು ಮರಳಿ ಬರುವಂತೆ, ಮತ್ತೆ ಬರುತ್ತದೆ. ಈ ಒಂದು ಮರ್ಮವನ್ನು ಹಿಡಿದ ಶ್ರೋತೃವಿಗೆ ಉಳಿದುದು ಸುಲಭ.

ಹೊಸಬರು ‘ನಾಲ್ಕು ಋತುಗಳಿಂದಲೇ’ ಆರಂಭಿಸುವುದು ಯುಕ್ತ. ಇದು 1725ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅಷ್ಟಾದಶವರ್ಣನೆಗಳನ್ನು ಬಲ್ಲ ನಮ್ಮ ಕಾವ್ಯರಸಿಕರಿಗೆ ಋತುವರ್ಣನೆಯು ಹೊಸದಲ್ಲ. ಇಲ್ಲಿ ಅದು ನಾದದಲ್ಲಿ ನಡೆದಿದೆ. ವಸಂತದ ನಡುವಿನ ಭಾಗದಲ್ಲಿ ಆಡು ಕಾಯುವವನು ಮಲಗಿರುವಾಗ ಪಿಟೀಲು ಇಂಪಾಗಿ ನುಡಿಯುತ್ತದೆ. ಕೆಳಗೆ ವಿಯೋಲಾ ವಾದ್ಯವು ಒಂದೇ ಸ್ವರವನ್ನು ಬಿಡಿಬಿಡಿಯಾಗಿ ಒತ್ತಿ ನಾಯಿಯ ಬೊಗಳಿಕೆಯನ್ನು ತೋರಿಸುತ್ತದೆ. ತರುವಾಯ 1711ರಲ್ಲಿ ಪ್ರಕಟವಾದ ‘ಲೆಸ್ತ್ರೋ ಅರ್ಮೋನಿಕೋ’ ಎಂಬ 12 ಕೊಂಚೆರ್ತೋಗಳ ಸಂಪುಟದಿಂದ ನಾಲ್ಕು ಪಿಟೀಲುಗಳ ಹತ್ತನೆಯ ಕೃತಿಯನ್ನು ಕೇಳಬೇಕು. ಜರ್ಮನಿಯ ಮಹಾಚಾರ್ಯನಾದ ಬಾಖ್ ಅದನ್ನೇ ನಾಲ್ಕು ಹಾರ್ಪ್ಸಿಕಾರ್ಡುಗಳಿಗೆ ಅಳವಡಿಸಿಕೊಂಡನು. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ, ಮಹಾವಿದ್ವಾಂಸನೊಬ್ಬನು ಪರಕೃತಿಯಿಂದ ಕಲಿತ ರೀತಿಯು ಸ್ಪಷ್ಟವಾಗುವುದು.

ದೇವಾಲಯಸಂಗೀತದಲ್ಲಿ ಮೊದಲು ಕೇಳತಕ್ಕದ್ದು ‘ಗ್ಲೋರಿಯಾ’. ಆರಂಭವು ತುತ್ತೂರಿಯ ಉತ್ಸಾಹದಿಂದ ಕೂಡಿದ್ದರೆ, ಅದರ ಬೆನ್ನಿಗೇ ಬರುವ ಶಾಂತಿಯ ಪ್ರಾರ್ಥನೆಯು ವಿಷಾದದ ಛಾಯೆಯುಳ್ಳದ್ದು. 1712ರ ‘ಸ್ತಾಬಾತ್ ಮಾತೆರ್’ ಶಿಲುಬೆಯ ಅಡಿಯಲ್ಲಿ ನಿಂತ ತಾಯಿಯ ದುಃಖವನ್ನು ಒಂದೇ ಕಂಠದಿಂದ ಹಾಡಿಸುತ್ತದೆ. ‘ನಿಸಿ ದೋಮಿನುಸ್’ ಎಂಬ ಸ್ತೋತ್ರದಲ್ಲಿ ನಿದ್ರೆಯ ಪ್ರಸ್ತಾಪ ಬರುವೆಡೆ ನಾದವು ಜೋಗುಳದಂತೆ ಮೆಲ್ಲಮೆಲ್ಲನೆ ತೂಗುತ್ತದೆ. 1716ರ ‘ಯೂದಿತಾ ತ್ರಿಯುಂಫಾನ್ಸ್’ ಎಂಬ ಪುರಾಣಕಥನದಲ್ಲಿ ಶತ್ರುಸೇನಾಪತಿಯ ಪಾತ್ರವನ್ನೂ ಪಿಯೆತಾದ ಹೆಣ್ಣುಮಕ್ಕಳೇ ಹಾಡಿದರು.

ಕಾಲಕ್ರಮದಲ್ಲಿ ವೆನಿಸಿನ ಜನರ ಅಭಿರುಚಿಯು ಬದಲಾಯಿತು. 1740ರಲ್ಲಿ ವಿವಾಲ್ದಿಯು ಆ ನಗರವನ್ನು ಬಿಟ್ಟು ವಿಯೆನ್ನಾಕ್ಕೆ ಹೊರಟನು. ಅವನಲ್ಲಿ ಆದರವಿದ್ದ ಚಕ್ರವರ್ತಿ ಆರನೆಯ ಚಾರ್ಲ್ಸನು ಆ ವರ್ಷ ಅಕ್ಟೋಬರಿನಲ್ಲಿಯೇ ಮಡಿದನು. 1741ನೆಯ ಜುಲೈ 28ರಂದು ವಿವಾಲ್ದಿಯೂ ತೀರಿಕೊಂಡನು. ಅವನ ಅಂತ್ಯಕ್ರಿಯೆಯು ಬಡವರದರಂತೆ ಅಲ್ಪವೆಚ್ಚದಲ್ಲಿ ಮುಗಿಯಿತು. ಮುಂದೆ ಅವನ ಹೆಸರು ಪಂಡಿತರ ಬಾಯಲ್ಲಿ ಉಳಿದುದು ಮುಖ್ಯವಾಗಿ ಬಾಖನ ರೂಪಾಂತರಗಳಿಂದ.

1926ರಲ್ಲಿ ಪಿಯೆಮೋಂಟೆ ಪ್ರಾಂತದ ಸಲೇಸಿಯನ್ ಪಾದ್ರಿಗಳ ಕಾಲೇಜೊಂದು ಹಳೆಯ ಪುಸ್ತಕಗಳನ್ನು ಮಾರಲು ಬಯಸಿ, ಬೆಲೆಕಟ್ಟಬೇಕೆಂದು ಟೂರಿನ್ನಿನ ರಾಷ್ಟ್ರೀಯ ಪುಸ್ತಕಾಲಯವನ್ನು ಕೇಳಿತು. ಪುಸ್ತಕಾಲಯದ ಅಧ್ಯಕ್ಷರಾದ ಲುಯೀಜಿ ತೋರ್ರಿಯವರು ಸಂಗೀತೇತಿಹಾಸದ ಪ್ರಾಧ್ಯಾಪಕರಾದ ಆಲ್ಬೆರ್ತೋ ಜೆಂತೀಲಿಯವರಿಗೆ ಅವನ್ನು ತೋರಿಸಿದರು. ಅವುಗಳಲ್ಲಿ 14 ಸಂಪುಟಗಳು ವಿವಾಲ್ದಿಯವು! ಕೊಳ್ಳಲು ಪುಸ್ತಕಾಲಯದಲ್ಲಿ ಹಣವಿರಲಿಲ್ಲ. ಹರಾಜಾದರೆ ಎಲ್ಲವೂ ಚೆಲ್ಲಾಪಿಲ್ಲಿಯಾಗುತ್ತಿದ್ದಿತು. ಆಗ ರೋಬೆರ್ತೋ ಫೋಆ ಎಂಬ ಷೇರು ದಲ್ಲಾಳಿಯು, ಎಳವೆಯಲ್ಲೇ ತೀರಿಹೋದ ತನ್ನ ಮಗ ಮೌರೋನ ನೆನಪಿಗಾಗಿ 1927ರಲ್ಲಿ ಅವನ್ನು ಕೊಂಡು ದಾನಮಾಡಿದನು. ಸಂಪುಟಗಳನ್ನು ಪರೀಕ್ಷಿಸಿದ ಜೆಂತೀಲಿಯವರು ಇದು ಅರ್ಧ ಮಾತ್ರವೆಂದು ಕಂಡುಕೊಂಡರು. ಉಳಿದರ್ಧವು ಜಿನೋವಾದ ದುರಾತ್ಸೋ ಮನೆತನದಲ್ಲಿ ದೊರೆಯಿತು. 1930ರಲ್ಲಿ ಅದನ್ನು ಕೊಂಡು ಕೊಟ್ಟವನು ಬಟ್ಟೆಯ ಉದ್ಯಮಿಯಾದ ಫಿಲಿಪ್ಪೋ ಜೋರ್ದಾನೋ. ಅವನೂ ರೆಂತ್ಸೋ ಎಂಬ ಎಳೆಯ ಮಗನನ್ನು ಕಳೆದುಕೊಂಡವನೇ.

1939ರ ಸೆಪ್ಟೆಂಬರಿನಲ್ಲಿ ಸಿಯೆನಾ ನಗರದಲ್ಲಿ ಆಲ್ಫ್ರೇದೋ ಕಸೆಲ್ಲಾನು ನಡೆಸಿದ ಉತ್ಸವದಲ್ಲಿ ‘ಗ್ಲೋರಿಯಾ’ ಮತ್ತೆ ಕೇಳಿಬಂತು. ಆದರೆ ನಿಧಿಯನ್ನು ಗುರುತಿಸಿದ ಜೆಂತೀಲಿಯವರು, ಯೆಹೂದ್ಯರೆಂಬ ಒಂದೇ ಕಾರಣದಿಂದ, 1938ರ ಜನಾಂಗೀಯ ಶಾಸನಗಳಿಗೆ ಸಿಕ್ಕಿ ತಮ್ಮ ಹುದ್ದೆಯನ್ನು ಕಳೆದುಕೊಂಡಿದ್ದರು.

ಟೂರಿನ್ನಿನಲ್ಲಿ ಆ ಎರಡು ಸಂಗ್ರಹಗಳು ಇಂದಿಗೂ ಮೌರೋ ಫೋಆ, ರೆಂತ್ಸೋ ಜೋರ್ದಾನೋ ಎಂಬ ಎರಡು ಮಕ್ಕಳ ಹೆಸರನ್ನೇ ಹೊತ್ತಿವೆ. ಹೆತ್ತವರನ್ನರಿಯದ ಮಕ್ಕಳಿಗಾಗಿ ಹುಟ್ಟಿದ ಗಾನವು, ಮಕ್ಕಳನ್ನು ಕಳೆದುಕೊಂಡ ಹೆತ್ತವರಿಂದ ಉಳಿಯಿತು.