ಹೊಸ ಕೆಲಸದ ಅಳುಕು: ಒಂದು ಹಳೆಯ ಕಥೆ

ಹಗಲುವೇಷದವರನ್ನು ನೀವು ನೋಡಿರಬಹುದು. ಬಣ್ಣ ಹಚ್ಚಿ, ರಾಮನಾಗಿಯೋ ಹನುಮಂತನಾಗಿಯೋ ಹಗಲು ಹೊತ್ತಿನಲ್ಲೇ ಮನೆಬಾಗಿಲಿಗೆ ಬರುವ ಕಲಾವಿದರು ಅವರು. ಅದು ವೇಷವೆಂದು ಅವರಿಗೂ ಗೊತ್ತು, ನೋಡುವವರಿಗೂ ಗೊತ್ತು. ಆದರೆ ವೇಷವನ್ನೇ ಹಾಕದೆ, 'ನಾನೊಬ್ಬ ವೇಷಧಾರಿ, ಇಂದಲ್ಲ ನಾಳೆ ಸಿಕ್ಕಿಬೀಳುತ್ತೇನೆ' ಎಂದು ಹೆದರುವವರೂ ಇದ್ದಾರೆ!

ಹೂವಿನಹಡಗಲಿಯಲ್ಲಿ 2007ರಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಮಕ್ಕಳಿಗೆ ತಾಂತ್ರಿಕ ಪದವಿ ಹತ್ತಿರವಾಯಿತು. ಓದು ಮುಗಿಸಿ ಬೆಂಗಳೂರಿನ ಕಂಪನಿಗೋ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ ನೀವು ಸೇರಿದಿರಿ ಎನ್ನಿ. ಸುತ್ತಲಿನವರು ಇಂಗ್ಲಿಷಿನಲ್ಲಿ ಪಟಪಟನೆ ಮಾತನಾಡುತ್ತಾರೆ. ಸಭೆಯಲ್ಲಿ ಕೇಳುವ ಹತ್ತು ಪದಗಳಲ್ಲಿ ನಾಲ್ಕು ಅರ್ಥವಾಗುವುದಿಲ್ಲ. 'ನನ್ನನ್ನು ತಪ್ಪಿ ಆರಿಸಿದ್ದಾರೆ' ಎಂದು ಮನಸ್ಸು ಹೇಳುತ್ತದೆ.

ಈ ಅಳುಕಿಗೆ ಹೆಸರು ಬಂದದ್ದು 1978ರಲ್ಲಿ. ಅಮೆರಿಕದ ಜಾರ್ಜಿಯಾ ರಾಜ್ಯದ ಮನೋವಿಜ್ಞಾನಿಗಳಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್, 150ಕ್ಕೂ ಹೆಚ್ಚು ಸಾಧಕ ಮಹಿಳೆಯರಲ್ಲಿ ಇದನ್ನು ಗಮನಿಸಿದರು. ಪದವಿ, ಹುದ್ದೆ, ಮನ್ನಣೆ ಎಲ್ಲವೂ ಇದ್ದವರು ತಮ್ಮ ಗೆಲುವನ್ನು ಅದೃಷ್ಟದ ಲೆಕ್ಕಕ್ಕೆ ಬರೆಯುತ್ತಿದ್ದರು. ಇದೇ ಮುಂದೆ 'ಇಂಪೋಸ್ಟರ್ ಸಿಂಡ್ರೋಮ್' ಎಂದು ಪ್ರಸಿದ್ಧವಾಯಿತು. ಪುರುಷರಲ್ಲೂ ಇದು ಇರುವುದು ನಂತರ ತಿಳಿಯಿತು. ಹೆಸರಿನಲ್ಲಿ ಸಿಂಡ್ರೋಮ್ ಎಂದಿದ್ದರೂ ಇದು ರೋಗಗಳ ಪಟ್ಟಿಗೆ ಸೇರಿಲ್ಲ.

ಅಳುಕು ಯಾವಾಗಲೂ ಒಳಗಿನಿಂದಲೇ ಹುಟ್ಟುತ್ತದೆಯೆ? ನಮ್ಮ ಬೆಂಗಳೂರಿನ ಒಂದು ಪ್ರಸಂಗ ನೋಡಿ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿಯಲ್ಲಿ ಪದವಿ ಮುಗಿಸಿ, ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್, ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷದ ಪರೀಕ್ಷಾವಧಿ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಜೊತೆಯ ಹುಡುಗರಿಗೆ ಈ ಷರತ್ತು ಇರಲಿಲ್ಲ.

ಮಾರ್ಗದರ್ಶಕರಾದ ಎಂ. ಶ್ರೀನಿವಾಸಯ್ಯನವರ ಬಳಿ ಅವರು ಹಾಲು ಮತ್ತು ದ್ವಿದಳ ಧಾನ್ಯಗಳ ಪ್ರೋಟೀನುಗಳನ್ನು ಅಭ್ಯಸಿಸಿದರು. ವರ್ಷ ಕಳೆಯುವಷ್ಟರಲ್ಲಿ ಕೆಲಸವೇ ಉತ್ತರ ಹೇಳಿತ್ತು. ಪ್ರವೇಶ ಖಾಯಂ ಆಯಿತು, ಬೇರೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಮುಂದೆ ಕೇಂಬ್ರಿಜ್‌ನಲ್ಲಿ ಆಲೂಗಡ್ಡೆಯ ಮೇಲೆ ಸಂಶೋಧನೆ ನಡೆಸಿ, ಜೀವಕೋಶಗಳ ಉಸಿರಾಟದಲ್ಲಿ ಪಾಲ್ಗೊಳ್ಳುವ 'ಸೈಟೋಕ್ರೋಮ್ ಸಿ' ಸಸ್ಯಗಳಲ್ಲೂ ಇದೆಯೆಂದು ತೋರಿಸಿದರು. 1939ರಲ್ಲಿ ಪಿಎಚ್.ಡಿ. ದೊರೆಯಿತು. ಇವರೇ ಕಮಲಾ ಸೊಹೊನಿ. ಆದರೂ ಆ ಷರತ್ತು ತಮಗೆ ಅವಮಾನವಾಗಿತ್ತೆಂದು ದಶಕಗಳ ನಂತರವೂ ಅವರು ಹೇಳುತ್ತಿದ್ದರು.

ಇಲ್ಲಿ ಸಂದೇಹವನ್ನು ತಂದಿಟ್ಟದ್ದು ಸಂಸ್ಥೆ. ಆದ್ದರಿಂದ ಅಳುಕು ಮೂಡಿದಾಗ ಮೊದಲು ಅದರ ಮೂಲ ಹುಡುಕಿ. ನಿಮ್ಮ ಊರು, ಭಾಷೆ, ಲಿಂಗಗಳನ್ನು ನೋಡಿ ಯಾರಾದರೂ ನಿಮ್ಮನ್ನು ಕಡಿಮೆ ಎಣಿಸುತ್ತಿದ್ದರೆ, ಆ ಕೊರತೆ ಅವರದು. ನಿಜವಾಗಿಯೂ ವಿಷಯ ತಿಳಿಯದಿದ್ದರೆ ಅದು ಕಲಿತರೆ ಹೋಗುವಂಥದು. ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ಒಂದು ಕಡೆ ಅರ್ಥವಾಗದ ಪದಗಳನ್ನು, ಇನ್ನೊಂದು ಕಡೆ ನೀವು ಮಾಡಿ ಮುಗಿಸಿದ ಕೆಲಸಗಳನ್ನು ದಿನಾಂಕ ಸಮೇತ ಬರೆಯಿರಿ. ಮೊದಲನೆಯದನ್ನು ಹಿರಿಯರೊಬ್ಬರ ಬಳಿ ಕೇಳಿ ತಿಳಿಯಿರಿ. ಎರಡನೆಯದನ್ನು ಅಳುಕು ಬಂದ ದಿನ ತೆರೆದು ಓದಿ. ಆರು ತಿಂಗಳಲ್ಲಿ ಯಾವ ಪಟ್ಟಿ ಬೆಳೆದಿದೆ, ಯಾವುದು ಕರಗಿದೆ ಎಂದು ನಿಮಗೇ ತಿಳಿಯುತ್ತದೆ.

ನಾಳೆ ನೀವೇ ಹಿರಿಯರಾಗುತ್ತೀರಿ. ಕೊಟ್ಟೂರಿನಿಂದಲೋ ಕೂಡ್ಲಿಗಿಯಿಂದಲೋ ಬಂದ ಹೊಸಬರು ತಡವರಿಸುತ್ತಾ ಪ್ರಶ್ನೆ ಕೇಳಿದಾಗ, ಶ್ರೀನಿವಾಸಯ್ಯನವರಂತೆ ಕೂಡಿಸಿಕೊಂಡು ಕೆಲಸ ಕಲಿಸುವಿರಲ್ಲವೆ?