ಹೊಸ ವೆಬ್ಲಿ, ಹಳೇ ಕಾನೂನು: ಭದ್ರಾವತಿಯಲ್ಲಿ ಕೂತು ಒಂದು ರಿವಾಲ್ವರ್ ಲೆಕ್ಕ

(ಪಾಡ್‌ಕಾಸ್ಟ್ ಕಂತಿನ ಅಕ್ಷರರೂಪ)

ಇವತ್ತಿನ ಪ್ರಶ್ನೆ ಸಣ್ಣದು, ಉತ್ತರ ಮಾತ್ರ ಉದ್ದ. ಒಂದು ರಿವಾಲ್ವರ್ ತಗೋಬೇಕಾ, ಬೇಡ್ವಾ?

ಯಾವುದೋ ಒಂದಲ್ಲ. ವೆಬ್ಲಿ ಆಂಡ್ ಸ್ಕಾಟ್. ಹಳೇ ಇಂಗ್ಲಿಷ್ ಸಿನಿಮಾಗಳಲ್ಲಿ ಬ್ರಿಟಿಷ್ ಆಫೀಸರ್ ಸೊಂಟದಲ್ಲಿ ಇರುತ್ತಲ್ಲ, ಅದೇ ಮನೆತನದ್ದು. 2020ರಲ್ಲಿ ಈ ಕಂಪನಿ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ, ಲಖನೌದ ಒಂದು ಸಂಸ್ಥೆ ಜೊತೆ ಸೇರಿ ಕಾರ್ಖಾನೆ ಹಾಕುವುದಾಗಿ ಹೇಳಿತು. ಮೊದಲ ಮಾಲು .32 ಬೋರ್ ರಿವಾಲ್ವರ್. ಆಗ ಹೇಳಿದ ಬೆಲೆ ಸುಮಾರು 1.6 ಲಕ್ಷ ರೂಪಾಯಿ. ನಮ್ಮ ಕಡೆ ಕೈಯಲ್ಲಿ ಹಿಡಿಯೋ ಎಲ್ಲದಕ್ಕೂ 'ಪಿಸ್ತೂಲು' ಅಂತಲೇ ಅನ್ನೋದು. ಆದ್ರೆ ಗುಂಡು ತುಂಬೋ ಉರುಟು ಭಾಗ ತಿರುಗಿದರೆ ಅದು ರಿವಾಲ್ವರ್.

ನಾನಿರೋದು ಭದ್ರಾವತಿ, ಕೆಲಸ ಶಿವಮೊಗ್ಗದಲ್ಲಿ. ಹೊಸನಗರದ ಕಡೆ ನಮ್ಮದೊಂದು ಅಡಿಕೆ ತೋಟ ಇದೆ. ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ಕೇಪಿನ ಕೋವಿ ಇತ್ತು, ಈಗ ಅದು ಚಿಕ್ಕಪ್ಪನ ಲೈಸೆನ್ಸಿನಲ್ಲಿ ಅವರ ಮನೆಯಲ್ಲಿದೆ. ತಮ್ಮ ಹೇಳ್ತಾನೆ: "ಅಣ್ಣಾ, ಕೋವಿ ಕಾಲ ಮುಗೀತು. ನೀನೊಂದು ಒಳ್ಳೇ ರಿವಾಲ್ವರ್ ತಗೋ, ತೋಟದ ಮನೆಗೂ ಆಗುತ್ತೆ." ನನಗೂ ಆಸೆ ಇದೆ, ಸುಳ್ಳು ಯಾಕೆ ಹೇಳಲಿ. ಅದರ ಫೋಟೋ ನೋಡಿದ್ರೆ ಹಳೇ ಜಾವಾ ಬೈಕ್ ನೋಡಿದ ಹಾಗೆ ಆಗುತ್ತೆ. ಹಾಗಾಗಿ ಇತಿಹಾಸ ಓದೋಕೆ ಕೂತೆ.

ಮೊದಲು ಕಂಪನಿ ಕಥೆ. ವೆಬ್ಲಿಯವರು ತಮ್ಮ ಹುಟ್ಟನ್ನು 1790ರ ಬರ್ಮಿಂಗ್‌ಹ್ಯಾಮ್‌ಗೆ ಒಯ್ಯುತ್ತಾರೆ. ಶುರುವಾಗಿದ್ದು ಗುಂಡು ಎರಕ ಹೊಯ್ಯುವ ಅಚ್ಚುಗಳಿಂದ. 1887ರಲ್ಲಿ ಬ್ರಿಟಿಷ್ ಸೇನೆ ಅವರ ರಿವಾಲ್ವರನ್ನು ಒಪ್ಪಿಕೊಂಡಿತು. 1915ರ ಮಾರ್ಕ್ 6 ಮೊದಲ ಮಹಾಯುದ್ಧದಲ್ಲಿ ಓಡಾಡಿತು. ಇದರ ವಿಶೇಷ ಏನು ಗೊತ್ತಾ? ಒಂದು ಚಿಲಕ ಒತ್ತಿದರೆ ನಳಿಗೆ ಮುಂದಕ್ಕೆ ಮಡಚಿಕೊಳ್ಳುತ್ತೆ, ಹಿಂದಿನಿಂದ ಆರೂ ಖಾಲಿ ತೋಟೆಗಳು ಒಟ್ಟಿಗೆ ಹೊರಗೆ ಬೀಳುತ್ತವೆ. ಒಂದೊಂದೇ ತೋಟೆ ತಳ್ಳಿ ತೆಗೆಯೋ ಕಾಲದಲ್ಲಿ ಇದು ದೊಡ್ಡ ಅನುಕೂಲ. ಆದ್ರೆ ಮಡಚೋ ಜಾಗವೇ ಇದರ ದುರ್ಬಲ ಜಾಗ. ಜೋರು ಗುಂಡಿಗೆ ಗಟ್ಟಿ ಚೌಕಟ್ಟು ಬೇಕು. ಹಾಗಾಗಿ ಪ್ರಪಂಚ ಪಕ್ಕಕ್ಕೆ ತೆರೆಯೋ ರಿವಾಲ್ವರ್ ಕಡೆ, ಆಮೇಲೆ ಮ್ಯಾಗಜಿನ್ ಪಿಸ್ತೂಲಿನ ಕಡೆ ಹೋಯ್ತು.

ಭಾರತ ಹೋಗಲಿಲ್ಲ. ಕಾನ್ಪುರದ ಸರ್ಕಾರಿ ಶಸ್ತ್ರ ಕಾರ್ಖಾನೆ ನಮ್ಮ ಜನಕ್ಕೆ ದಶಕಗಳಿಂದ ಮಾರಿದ .32 ರಿವಾಲ್ವರ್ ನೋಡಿ, ಅದೂ ಅದೇ ವೆಬ್ಲಿ ವಿನ್ಯಾಸದ ಮೊಮ್ಮಗ. ಅದೇ ಮಡಚೋ ನಳಿಗೆ. 2014ರಲ್ಲಿ ಹೆಂಗಸರಿಗೆ ಅಂತ 'ನಿರ್ಭೀಕ್' ಬಂತು. ತೂಕ ಅರ್ಧ ಕಿಲೋ, ಬೆಲೆ 1,22,360 ರೂಪಾಯಿ. ಅದೂ .32 ಬೋರೇ. ಪಕ್ಕಕ್ಕೆ ತೆರೆಯೋ 'ಪ್ರಬಲ್' ಕಾನ್ಪುರದಿಂದ ಬಂದಿದ್ದು 2023ರ ಆಗಸ್ಟ್‌ನಲ್ಲಿ. ಅಂದ್ರೆ ಬೇರೆಯವರಿಗೆ ಮ್ಯೂಸಿಯಂ ವಸ್ತು ಆಗಿದ್ದು ನಮಗೆ ಅಂಗಡಿ ಮಾಲಾಗಿಯೇ ಉಳಿದಿತ್ತು. ಹಾಗಾದ್ರೆ ಹರ್ದೋಯಿಯ ಈ 'ಕ್ಲಾಸಿಕ್' ನಮ್ಮ ದೇಶದಲ್ಲಿ ಹಳೆಯದಾಗಿದ್ದಾದರೂ ಯಾವಾಗ?

ಇದು ಜನರ ರುಚಿಯಿಂದ ಆಗಿದ್ದಲ್ಲ, ಕಾನೂನಿನಿಂದ ಆಗಿದ್ದು. 1857 ಆದ ಮೇಲೆ ಬ್ರಿಟಿಷರಿಗೆ ಭಾರತೀಯರ ಕೈಲಿರೋ ಬಂದೂಕು ಅಂದ್ರೆ ಭಯ. 1878ರಲ್ಲಿ ಲಾರ್ಡ್ ಲಿಟ್ಟನ್ ಕಾಲದಲ್ಲಿ ಶಸ್ತ್ರ ಕಾಯ್ದೆ ಬಂತು. ಭಾರತೀಯನಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನನಿಗೆ ವಿನಾಯಿತಿ. ಸ್ವಾತಂತ್ರ್ಯ ಬಂದ ಮೇಲೆ 1959ರ ಕಾಯ್ದೆ ಆಯ್ತು, 1962ರಲ್ಲಿ ಜಾರಿಗೆ ಬಂತು. ಬಣ್ಣದ ಭೇದ ಹೋಗಿತ್ತು, ಲೈಸೆನ್ಸ್ ಉಳಿಯಿತು. ಸೇನೆ, ಪೊಲೀಸರು ಬಳಸುವ ಗುಂಡಿನ ಅಳತೆಗಳು, ಅಂದ್ರೆ 9 ಎಂಎಂ, .38, .455 ಇಂಥವು 'ನಿಷೇಧಿತ ಬೋರ್' ಪಟ್ಟಿ ಸೇರಿದವು. ನಮ್ಮಂಥ ಸಾಮಾನ್ಯರಿಗೆ ಮುಖ್ಯವಾಗಿ ಉಳಿದಿದ್ದು .32. 1980ರ ದಶಕದ ಮಧ್ಯದಿಂದ ಖಾಸಗಿಯವರು ಹೊರದೇಶದಿಂದ ತರಿಸೋದೂ ಹೆಚ್ಚುಕಡಿಮೆ ಬಂದ್ ಆಯ್ತು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಗಡಿಯಾರ ನಿಂತ ಹಾಗೆ, ನಮ್ಮ ರಿವಾಲ್ವರ್ ಅಲ್ಲೇ ನಿಂತಿತು.

ಈಗ ನಮ್ಮ ಜಿಲ್ಲೆಗೆ ಬನ್ನಿ. ಶಿವಮೊಗ್ಗ ಅಂದ್ರೆ ಬರೀ ಬಂದೂಕು ಕೊಳ್ಳೋ ಜಾಗ ಅಲ್ಲ, ಆಯುಧ ಮಾಡಿದ ಜಾಗ. 1763ರಲ್ಲಿ ಹೈದರಾಲಿ ಕೆಳದಿ ಅರಸರ ಬಿದನೂರನ್ನು ಹಿಡಿದು ಅದಕ್ಕೆ ಹೈದರ್‌ನಗರ ಅಂತ ಹೆಸರಿಟ್ಟ. ಅದೇ ಇವತ್ತಿನ ಹೊಸನಗರ ತಾಲ್ಲೂಕಿನ ನಗರ. ಅಲ್ಲಿ ಟಂಕಸಾಲೆ ಇತ್ತು, ಆಯುಧ ಮತ್ತು ಮದ್ದುಗುಂಡು ಮಾಡುವ ದೊಡ್ಡ ಶಸ್ತ್ರಾಗಾರ ಇತ್ತು. 2018ರಲ್ಲಿ ಅದೇ ನಗರದ ಪಾಳುಬಿದ್ದ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು, ಟಿಪ್ಪು ಕಾಲದವು. ಕಬ್ಬಿಣದ ಕೊಳವೆ, ಒಳಗೆ ಮದ್ದು. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆ ಮ್ಯೂಸಿಯಂ ನೋಡಿಲ್ಲ ಅಂದ್ರೆ ಒಂದ್ಸಲ ಹೋಗಿ ಬನ್ನಿ.

ಒಂದು ವಿಚಿತ್ರ ಗಮನಿಸಿ. ಮೈಸೂರಿನ ರಾಕೆಟ್ ಕಂಡು ಬೆಚ್ಚಿದ ಬ್ರಿಟಿಷರು ಅವನ್ನು ಇಂಗ್ಲೆಂಡಿಗೆ ಒಯ್ದರು, ವಿಲಿಯಂ ಕಾಂಗ್ರೀವ್ ಅದೇ ಮಾದರಿ ಹಿಡಿದು ಬ್ರಿಟಿಷ್ ಸೇನೆಗೆ ರಾಕೆಟ್ ಮಾಡಿದ. ನಮ್ಮ ರಾಕೆಟ್ ಅವರು ಒಯ್ದರು, ಅವರ ರಿವಾಲ್ವರ್ ಈಗ ನಾವು ತಂದಿದ್ದೇವೆ.

1830–31ರಲ್ಲಿ ಇದೇ ನಗರ ಸೀಮೆಯ ರೈತರು ಕಂದಾಯದ ಕಾಟ ತಾಳಲಾರದೆ ದಂಗೆ ಎದ್ದರು. ಅದನ್ನೇ ಕಾರಣ ಮಾಡಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆ ತಗೊಂಡರು. ಪಕ್ಕದ ಕೊಡಗಿನ ಕಥೆ ಬೇರೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರ ನಿಷ್ಠೆಯನ್ನು ಹೊಗಳಿ ನಿರಾಯುಧ ಕಾನೂನಿನಿಂದ ವಿನಾಯಿತಿ ಕೊಟ್ಟರು. ಆ ವಿನಾಯಿತಿ ರೂಪ ಬದಲಿಸಿ ಇವತ್ತಿಗೂ ಇದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ನಮಗೆ ಅದಿಲ್ಲ. ನಾವು ಡಿಸಿ ಆಫೀಸಿಗೆ ಅರ್ಜಿ ಹಾಕಬೇಕು, ಪೊಲೀಸ್ ವರದಿ ಬರಬೇಕು, ತರಬೇತಿ ಆಗಿರಬೇಕು. ವಯಸ್ಸು 21 ತುಂಬಿರಬೇಕು.

ಇನ್ನು ಭದ್ರಾವತಿ. ಬೆಂಕಿಪುರ ಅಂತಿದ್ದ ಊರಿಗೆ ವಿಶ್ವೇಶ್ವರಯ್ಯನವರ ಕನಸು ಕಬ್ಬಿಣದ ಕಾರ್ಖಾನೆ ತಂತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು. 1923ರಲ್ಲಿ ಕಬ್ಬಿಣ ಹರಿಯಿತು. ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಕಾರ್ಖಾನೆ ಮುಚ್ಚುವ ತೀರ್ಮಾನದ ಸುದ್ದಿ ಬಂತು. ಈ ಊರಲ್ಲಿ ಉಕ್ಕಿನ ಸಾಮಾನು ಕೈಗೆ ಸಿಕ್ಕರೆ ಜನ ತೂಗಿ, ತಟ್ಟಿ ನೋಡ್ತಾರೆ. ನಾನೂ ಹಾಗೇ ನೋಡ್ತಾ ಇದೀನಿ ಅಷ್ಟೆ.

ಸರಿ, ಲೆಕ್ಕ ಹಾಕೋಣ. ತಮ್ಮನ ಮೊದಲ ವಾದ ತೋಟ. ಕಾನೂನಿನಲ್ಲೇ ಇದಕ್ಕೆ ಉತ್ತರ ಇದೆ. 1959ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆ ನಳಿಗೆ ಬಾಯಿಂದ ಮದ್ದು ತುಂಬೋ ಕೋವಿಯನ್ನು, ಆತ್ಮರಕ್ಷಣೆಗೆ ಕನಿಷ್ಠ 20 ಇಂಚು ನಳಿಗೆಯ ಬಂದೂಕನ್ನು ಬೇರೆಯಾಗಿಯೇ ನೋಡುತ್ತೆ. ರಿವಾಲ್ವರ್‌ಗೆ ಮಾತ್ರ 'ಸರಿಯಾದ ಕಾರಣ' ಇದೆ ಅಂತ ಅಧಿಕಾರಿಗೆ ಮನದಟ್ಟು ಮಾಡಿಸಬೇಕು. ಇದರಲ್ಲಿ ಅರ್ಥವೂ ಇದೆ. ಹಂದಿಯೋ ಮಂಗನೋ ತೋಟಕ್ಕೆ ಇಳಿದರೆ ಕೆಲಸಕ್ಕೆ ಬರೋದು ಕೋವಿಯ ಸದ್ದು. ಗಿಡ್ಡ ನಳಿಗೆಯ .32 ಅಲ್ಲಿ ಏನೂ ಮಾಡಲ್ಲ.

ಎರಡನೇ ವಾದ, ಅಡಿಕೆ ದುಡ್ಡು. ಚಿಕ್ಕಪ್ಪ ಮೂಟೆ ಹಾಕಿ ನೋಟಿನ ಕಂತೆ ಸೊಂಟಕ್ಕೆ ಕಟ್ಟಿ ಬಸ್ಸು ಹತ್ತುತ್ತಿದ್ದ ಕಾಲ ಇತ್ತು. ಈಗ ನಮ್ಮ ದುಡ್ಡು ಬ್ಯಾಂಕಿಗೆ ಬೀಳುತ್ತೆ, ಮೊಬೈಲಿಗೆ ಮೆಸೇಜ್ ಬರುತ್ತೆ. ನನ್ನನ್ನು ಯಾರೂ ಬೆದರಿಸಿಲ್ಲ. ಅರ್ಜಿಯ ಕಾರಣದ ಕಾಲಮ್ಮಿನಲ್ಲಿ ನಾನು ಏನಂತ ಬರೀಲಿ? 'ನೋಡೋಕೆ ಚೆನ್ನಾಗಿದೆ' ಅಂತಲಾ?

ಚುನಾವಣೆ ಬಂದಾಗಲೆಲ್ಲ ಠೇವಣಿ ಇಡೋ ಓಡಾಟ ಬೇರೆ. ಮಲೆನಾಡಿನ ರೈತರು ಫಸಲಿನ ಹೊತ್ತಲ್ಲಿ ಕೋವಿ ಸ್ಟೇಷನ್ನಿಗೆ ಕೊಟ್ಟು, ಡಬ್ಬ ಬಡಿದು ಮಂಗ ಓಡಿಸೋದನ್ನು ನಾನು ನೋಡಿದ್ದೇನೆ. ಅವರಿಗೆ ಅದು ಹೊಟ್ಟೆಪಾಡಿನ ಕಷ್ಟ. ನನ್ನದು ಶೋಕಿ.

ಮೂರನೆಯದು ನಾನು ತಮ್ಮನಿಗೂ ಪೂರ್ತಿ ಹೇಳಿರಲಿಲ್ಲ. ಅಮ್ಮ ಹೋದ ಮೇಲೆ ಅಪ್ಪ ನನ್ನ ಜೊತೆ ಭದ್ರಾವತಿಯಲ್ಲೇ ಇದ್ದಾರೆ. ಮಾತು ಕಡಿಮೆ, ರಾತ್ರಿ ನಿದ್ದೆ ಇಲ್ಲ. ಕೋವಿ ಚಿಕ್ಕಪ್ಪನ ಮನೆಗೆ ಹೋಗಿದ್ದಕ್ಕೆ ಅವರ ವಯಸ್ಸು ಒಂದೇ ಕಾರಣ ಅಲ್ಲ. ಮನೆಯಲ್ಲಿ ಬಂದೂಕು ಇದ್ದರೆ ಅದೇ ಮನೆಯವರು ಆತ್ಮಹತ್ಯೆಯಿಂದ ಸಾಯೋ ಅಪಾಯ ಹೆಚ್ಚುತ್ತೆ ಅಂತ ಅಮೆರಿಕದ ಸಂಶೋಧನೆಗಳು ಮತ್ತೆ ಮತ್ತೆ ಹೇಳಿವೆ. ಕೆಟ್ಟ ಗಳಿಗೆ ಬರುತ್ತೆ, ಹೋಗುತ್ತೆ. ಆ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತೆ ಅನ್ನೋದು ಮುಖ್ಯ. ಕೇಪಿನ ಕೋವಿಗೆ ಮದ್ದು ಹಾಕಿ, ಗಜ ಹೊಡೆದು, ಕೇಪು ಕೂರಿಸೋ ಅಷ್ಟರಲ್ಲಿ ಮನುಷ್ಯನಿಗೆ ಯೋಚಿಸೋ ಹೊತ್ತು ಸಿಗಬಹುದು. ರಿವಾಲ್ವರ್ ಆ ಹೊತ್ತನ್ನೇ ಉಳಿಸೋಕೆ ಹುಟ್ಟಿದ ಯಂತ್ರ. ವೆಬ್ಲಿಯ ಜಾಣತನ ಇರೋದೂ ಅಲ್ಲೇ.

ಹಾಗಾಗಿ ನಾನು ತಗೊಳ್ಳಲ್ಲ. ಹರ್ದೋಯಿ ಮಾಲು ಕೆಟ್ಟದು ಅಂತಲ್ಲ. ನಿಜವಾದ ಬೆದರಿಕೆ ಇರೋರಿಗೆ, ಗುರಿ ಅಭ್ಯಾಸ ಮಾಡೋರಿಗೆ ಅವರದೇ ಲೆಕ್ಕ ಇರುತ್ತೆ, ಅದನ್ನು ಅವರು ಹಾಕಿಕೊಳ್ಳಲಿ. ಕೊಳ್ಳೋರು ಒಂದು ಮಾತ್ರ ತಿಳ್ಕೊಂಡು ಕೊಳ್ಳಿ: 'ಕ್ಲಾಸಿಕ್' ಅನ್ನೋ ಹೆಸರಿಗೆ ನಾವು ಕೊಡೋ ಬೆಲೆಯಲ್ಲಿ 1878ರ ಒಂದು ಪಾಲೂ ಸೇರಿದೆ.

ತಮ್ಮನಿಗೆ ನಿನ್ನೆ ಎಲ್ಲಾ ಹೇಳಿದೆ. ಸುಮ್ಮನೆ ಕೇಳಿದ. "ಹಾಗಾದ್ರೆ ಆ ದುಡ್ಡಲ್ಲಿ ತೋಟಕ್ಕೆ ಸೋಲಾರ್ ಬೇಲಿ ಹಾಕ್ಸೋಣ, ಅಪ್ಪನ್ನ ಡಾಕ್ಟರಿಗೂ ತೋರಿಸೋಣ" ಅಂದ. ಡಾಕ್ಟರ ಹತ್ರ ಸೋಮವಾರ ಹೋಗ್ತಿದ್ದೇವೆ.

ನಿಮ್ಮ ಮನೇಲೂ ಯಾರಾದ್ರೂ ಹೀಗೆ ಮಂಕಾಗಿದ್ರೆ ಕೂತು ಮಾತಾಡಿಸಿ. ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡ್ತಾರೆ.