ಗುತ್ತಿಗೆಯ ದುಡ್ಡು, ವಾರದ ದುಡ್ಡು

ಉಡುಮಲೈಪೇಟೆಯ ಸುತ್ತಮುತ್ತ ಹೊಲ ಮಾಡುವವರಿಗೆ ಗುತ್ತಿಗೆ ಎಂದರೇನು, ವಾರ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಗುತ್ತಿಗೆಗೆ ಹೊಲ ಹಿಡಿದರೆ ಮಳೆ ಬಂದರೂ ಬಾರದಿದ್ದರೂ, ಪಿ.ಎ.ಪಿ. ಕಾಲುವೆಯಲ್ಲಿ ನೀರು ಬಿಟ್ಟರೂ ಬಿಡದಿದ್ದರೂ, ಒಡೆಯನಿಗೆ ಮಾತಾಡಿಕೊಂಡ ಹಣ ಎಣಿಸಿ ಕೊಡಬೇಕು. ವಾರಕ್ಕೆ ಹಿಡಿದರೆ ಬೆಳೆದದ್ದರಲ್ಲಿ ಪಾಲು. ಬೆಳೆ ಬಂದರೆ ಇಬ್ಬರಿಗೂ ಬಂತು, ಒಣಗಿದರೆ ಇಬ್ಬರಿಗೂ ಒಣಗಿತು. ಸಂತೆಯಲ್ಲಿ ತಮಿಳು ಮಾತಾಡುವಾಗಲೂ ಕುತ್ತಗೈ, ವಾರಂ ಎಂದು ಇದನ್ನೇ ಹೇಳುತ್ತೇವೆ. ನಾನು ಇಂದು ಹೇಳಹೊರಟಿರುವುದು ಅಮೆರಿಕದಲ್ಲಿ ಹುಟ್ಟಿ ಬೆಂಗಳೂರಿಗೆ ಬಂದ ಒಂದು ದೊಡ್ಡ ಹಣದ ಚರಿತ್ರೆ. ಆದರೆ ಅದರ ಬೇರು ಈ ಎರಡು ಮಾತುಗಳಲ್ಲೇ ಇದೆ.

ಮೊದಲು ನನ್ನದೊಂದು ತಪ್ಪೊಪ್ಪಿಗೆ. ನಾನು ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು, ಗುಮಾಸ್ತನಾಗಿಯೇ ನಿವೃತ್ತನಾದೆ. 1989ರಲ್ಲಿ ನಮ್ಮ ಶಾಖೆಗೆ ಒಬ್ಬ ಹುಡುಗ ಬಂದ. ನೇಯುವ ಮನೆಯವನು, ಮನೆಮಾತು ಕನ್ನಡ. ಮಗ್ಗದಲ್ಲಿ ನೂಲು ಕಡಿದ ಕೂಡಲೇ ದೀಪ ಹೊತ್ತಿಸುವ ಒಂದು ಸಣ್ಣ ಪೆಟ್ಟಿಗೆಯನ್ನು ಅವನೇ ಮಾಡಿದ್ದ. ಅದನ್ನು ನನ್ನ ಮೇಜಿನ ಮೇಲಿಟ್ಟು ತೋರಿಸಿದ. ಇಪ್ಪತ್ತೈದು ಪೆಟ್ಟಿಗೆ ಮಾಡಲು ಸಾಲ ಬೇಕೆಂದ. ಅಡವಿಡಲು ಜಮೀನಿಲ್ಲ, ಜಾಮೀನು ನಿಲ್ಲುವವರಿಲ್ಲ. ಇದ್ದದ್ದು ತಾಯಿಯ ಎರಡು ಮಗ್ಗ. ಅರ್ಜಿಯ ಮೇಲೆ 'ಆಧಾರ ಸಾಲದು' ಎಂದು ಬರೆದ ಕೈ ನನ್ನದು. ಮ್ಯಾನೇಜರರು ಸಹಿ ಮಾಡಿದರು.

ಹುಡುಗ ಸುಮ್ಮನಾಗಲಿಲ್ಲ. ಕಂದುವಟ್ಟಿಗೆ ಹಣ ತಂದ. ಪೆಟ್ಟಿಗೆ ಚೆನ್ನಾಗಿಯೇ ಕೆಲಸ ಮಾಡಿತು. ಕೊಳ್ಳುವವರು ಮಾತ್ರ ನಿಧಾನವಾಗಿ ಬಂದರು. ಬಡ್ಡಿಗೆ ನಿಧಾನವೆಂಬುದು ಗೊತ್ತಿಲ್ಲವಲ್ಲ! ಎರಡೇ ವರ್ಷದಲ್ಲಿ ಆ ಎರಡು ಮಗ್ಗವೂ ಹೋದವು. ತಾಯಿ ಬೇರೆಯವರ ಮನೆಯಲ್ಲಿ ಕೂಲಿಗೆ ನೇಯಲು ಕುಳಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬ್ಯಾಂಕು ತಪ್ಪು ಮಾಡಿತೇ? ಬಹಳ ದಿನ ಈ ಪ್ರಶ್ನೆ ನನ್ನನ್ನು ಕಾಡಿತು. ಲೆಕ್ಕ ಹಾಕಿ ನೋಡೋಣ. ಹತ್ತು ಜನರಿಗೆ ತಲಾ ಒಂದು ಲಕ್ಷ ರೂಪಾಯಿ, ನೂರಕ್ಕೆ ಹನ್ನೆರಡರ ಬಡ್ಡಿಗೆ ಕೊಟ್ಟೆವೆನ್ನಿ. ಒಬ್ಬನು ಮುಳುಗಿದ. ಉಳಿದ ಒಂಬತ್ತು ಜನರಿಂದ ವರ್ಷಕ್ಕೆ ಬರುವ ಬಡ್ಡಿ 1 ಲಕ್ಷ 8 ಸಾವಿರ. ಮುಳುಗಿದವನೊಬ್ಬನೇ ಒಂದು ಲಕ್ಷ ನುಂಗಿದ. ಉಳಿದ ಎಂಟು ಸಾವಿರದಲ್ಲಿ ಹತ್ತು ಲಕ್ಷ ಠೇವಣಿ ಇಟ್ಟ ವಿಧವೆಯರಿಗೆ, ಪಿಂಚಣಿದಾರರಿಗೆ ಬಡ್ಡಿ ಕೊಡುವುದು ಹೇಗೆ? ಹತ್ತರಲ್ಲಿ ಒಬ್ಬ ಸೋತರೂ ಬ್ಯಾಂಕು ತಡೆಯಲಾರದು. ಆದ್ದರಿಂದಲೇ ಅದು ಜಾಮೀನು ಕೇಳುತ್ತದೆ. ಬ್ಯಾಂಕಿನ ದುಡ್ಡು ಗುತ್ತಿಗೆಯ ದುಡ್ಡು. ಆ ಹುಡುಗನಿಗೆ ಬೇಕಾಗಿದ್ದದ್ದು ವಾರದ ದುಡ್ಡು. ಅಂದಿನ ಉಡುಮಲೈಪೇಟೆಯಲ್ಲಿ ಅವನ ಕೆಲಸಕ್ಕೆ ಆ ಬಾಗಿಲು ಇರಲಿಲ್ಲ.

ಆ ಬಾಗಿಲನ್ನು ಮೊದಲು ತೆರೆದವರಲ್ಲಿ ಪ್ರಮುಖರು ಅಮೆರಿಕದ ಜಾರ್ಜ್ ಡೋರಿಯೋ. ಫ್ರಾನ್ಸಿನಲ್ಲಿ ಹುಟ್ಟಿ ಹಾರ್ವರ್ಡಿನಲ್ಲಿ ಪಾಠ ಹೇಳುತ್ತಿದ್ದವರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಬೋಸ್ಟನ್ನಿನ ಕೆಲವರೊಡನೆ ಸೇರಿ ಅವರು ಒಂದು ಸಂಸ್ಥೆ ಕಟ್ಟಿದರು. ಹೊಸ ಯಂತ್ರ, ಹೊಸ ವಿದ್ಯೆ ಇಟ್ಟುಕೊಂಡು ಬಂದವರಿಗೆ ಸಾಲ ಕೊಡದೆ, ಕಂಪನಿಯಲ್ಲಿ ಪಾಲು ತೆಗೆದುಕೊಂಡು ಹಣ ಹಾಕುವ ಸಂಸ್ಥೆ. 1957ರಲ್ಲಿ ಡಿಜಿಟಲ್ ಎಂಬ ಕಂಪ್ಯೂಟರ್ ಕಂಪನಿಗೆ ಅವರು ಹಾಕಿದ್ದು 70 ಸಾವಿರ ಡಾಲರ್. ಹನ್ನೊಂದು ವರ್ಷದ ಮೇಲೆ ಅದರ ಬೆಲೆ 35 ಕೋಟಿ ಡಾಲರ್ ದಾಟಿತು. ಇಂಥ ಹಣಕ್ಕೆ ವೆಂಚರ್ ಕ್ಯಾಪಿಟಲ್ ಎನ್ನುತ್ತಾರೆ. ಕನ್ನಡದಲ್ಲಿ ಸಾಹಸ ಬಂಡವಾಳ.

ಈ ದಾರಿಯಲ್ಲಿ ಬಂದವರಲ್ಲಿ ನಾನು ಇಂದು ಆರಿಸಿಕೊಂಡಿರುವುದು ಆಕ್ಸೆಲ್ ಎಂಬ ಸಂಸ್ಥೆಯನ್ನು. ಆರ್ಥರ್ ಪ್ಯಾಟರ್‌ಸನ್, ಜಿಮ್ ಸ್ವಾರ್ಟ್ಜ್ ಎಂಬಿಬ್ಬರು 1983ರಲ್ಲಿ ಇದನ್ನು ಆರಂಭಿಸಿದರು. ಹಣವೆಲ್ಲ ಅವರ ಸ್ವಂತದ್ದಲ್ಲ. ಇಂಥ ಸಂಸ್ಥೆಗಳು ವಿಶ್ವವಿದ್ಯಾಲಯಗಳ ದತ್ತಿನಿಧಿ, ನೌಕರರ ಪಿಂಚಣಿನಿಧಿ ಮುಂತಾದ ಕಡೆಗಳಿಂದ ಹಣ ಸೇರಿಸುತ್ತವೆ. ಹತ್ತು ವರ್ಷ ಹಿಂದಕ್ಕೆ ಕೇಳಬೇಡಿ ಎಂಬ ಕರಾರು ಸಾಮಾನ್ಯ. ನಡೆಸುವವರಿಗೆ ವರ್ಷಕ್ಕೆ ನೂರಕ್ಕೆ ಎರಡರಷ್ಟು ಖರ್ಚಿನ ಹಣ, ಲಾಭ ಬಂದರೆ ಅದರಲ್ಲಿ ಇಪ್ಪತ್ತರಷ್ಟು ಪಾಲು. ಇದು ಆ ವ್ಯವಹಾರದ ವಾಡಿಕೆ. ಆಕ್ಸೆಲ್ 2000ದಲ್ಲಿ ಲಂಡನ್ನಿನಲ್ಲಿ ಕಚೇರಿ ತೆರೆಯಿತು. 2005ರಲ್ಲಿ ಕಾಲೇಜು ಹುಡುಗರು ಕಟ್ಟಿದ ಫೇಸ್‌ಬುಕ್ ಎಂಬ ಪುಟ್ಟ ಕಂಪನಿಗೆ 1 ಕೋಟಿ 27 ಲಕ್ಷ ಡಾಲರ್ ಹಾಕಿತು. ಮುಂದೆ ಆ ಪುಟ್ಟ ಕಂಪನಿ ಏನಾಯಿತೆಂಬುದು ನಿಮ್ಮ ಕೈಯಲ್ಲಿರುವ ಫೋನಿಗೇ ಗೊತ್ತು.

ಇನ್ನು ನಮ್ಮ ಕಡೆಗೆ ಬರೋಣ. ಕನ್ನಡ ನೆಲದಲ್ಲಿ ಈ ಹಣ ಆಕ್ಸೆಲ್‌ಗಿಂತ ಮುಂಚೆಯೇ ಕಾಲಿಟ್ಟಿತ್ತು. 1978ರಲ್ಲಿ ಕಿರಣ್ ಮಜುಂದಾರ್ ಅವರು ಬೆಂಗಳೂರಿನ ಒಂದು ಬಾಡಿಗೆ ಮನೆಯ ಕಾರುಶೆಡ್ಡಿನಲ್ಲಿ 10 ಸಾವಿರ ರೂಪಾಯಿ ಹಾಕಿ ಬಯೋಕಾನ್ ಆರಂಭಿಸಿದಾಗ ಬ್ಯಾಂಕುಗಳು ಹಿಂದೆಮುಂದೆ ನೋಡಿದವು. ವಯಸ್ಸು ಇಪ್ಪತ್ತೈದು, ಹೆಂಗಸು, ಯಾರೂ ಕೇಳರಿಯದ ವಿದ್ಯೆ, ಕೈಯಲ್ಲಿ ಆಸ್ತಿಯಿಲ್ಲ. ಮುಂದೆ, 1980ರ ದಶಕದ ಕೊನೆಗೆ, ಐ.ಸಿ.ಐ.ಸಿ.ಐ.ನ ಎನ್. ವಾಘುಲ್ ಅವರ ಬೆಂಬಲದಿಂದ ಸುಮಾರು ಎರಡೂವರೆ ಲಕ್ಷ ಡಾಲರಿನಷ್ಟು ಸಾಹಸ ಬಂಡವಾಳ ಸಿಕ್ಕಿತು. ಸಂಶೋಧನೆಗೆ ಅದು ಆಸರೆಯಾಯಿತು. 2004ರಲ್ಲಿ ಬಯೋಕಾನ್ ಷೇರುಪೇಟೆಗೆ ಬಂದ ಮೊದಲ ದಿನವೇ ಅದರ ಬೆಲೆ 100 ಕೋಟಿ ಡಾಲರ್ ದಾಟಿತು.

1988ರಲ್ಲಿ ಐ.ಸಿ.ಐ.ಸಿ.ಐ. ಮತ್ತು ಯೂನಿಟ್ ಟ್ರಸ್ಟ್ ಕೂಡಿ ಇಂಥ ಹಣಕ್ಕೆಂದೇ ಟಿ.ಡಿ.ಐ.ಸಿ.ಐ. ಎಂಬ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದವು. ಮರುವರ್ಷ ಮಂಗಳೂರಿನಲ್ಲಿ ಹುಟ್ಟಿ ಬೆಳೆದ ಕೆನರಾ ಬ್ಯಾಂಕು ತನ್ನದೇ ಸಾಹಸ ಬಂಡವಾಳ ನಿಧಿಯನ್ನು ತೆರೆಯಿತು. ಆ ಮರುವರ್ಷ ಎಂದರೆ 1989. ನಾನು 'ಆಧಾರ ಸಾಲದು' ಎಂದು ಬರೆದ ವರ್ಷ. ಬಾಗಿಲು ತೆರೆದಿತ್ತು; ಒಂದು ರಾತ್ರಿಯ ಬಸ್ಸಿನ ದೂರದಲ್ಲಿ ತೆರೆದಿತ್ತು. ಹುಡುಗನಿಗೂ ಗೊತ್ತಿರಲಿಲ್ಲ, ಮೇಜಿನ ಈಚೆ ಕುಳಿತ ನನಗೂ ಗೊತ್ತಿರಲಿಲ್ಲ. ಅಲ್ಲಿಗೆ ಹೋಗಿದ್ದರೆ ಅವನಿಗೆ ಸಿಕ್ಕೇ ಸಿಗುತ್ತಿತ್ತೆಂದು ನಾನು ಹೇಳಲಾರೆ. ತಿಳಿದಿದ್ದರೆ ಬಸ್ ಚಾರ್ಜು ಮಾತ್ರ ನಾನೇ ಕೊಡುತ್ತಿದ್ದೆ.

ಆಕ್ಸೆಲ್ ಬೆಂಗಳೂರಿಗೆ ಬಂದದ್ದು 2008ರಲ್ಲಿ. ಎರಾಸ್ಮಿಕ್ ಎಂಬ ಅಲ್ಲಿನ ಸಣ್ಣ ನಿಧಿಯನ್ನು ತನ್ನೊಳಗೆ ಸೇರಿಸಿಕೊಂಡು ಕೆಲಸ ಶುರುಮಾಡಿತು. ಅದಕ್ಕೆ ಒಂದು ವರ್ಷ ಹಿಂದೆ, 2007ರ ಅಕ್ಟೋಬರಿನಲ್ಲಿ, ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಎಂಬಿಬ್ಬರು ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಎಂಬ ಪುಸ್ತಕದಂಗಡಿ ಹೂಡಿದ್ದರು. ಅಂಗಡಿಗೆ ಗೋಡೆಯಿಲ್ಲ, ಕಂಪ್ಯೂಟರಿನಲ್ಲಿ ಕೇಳಿದರೆ ಮನೆಗೆ ಪುಸ್ತಕ ಬರುತ್ತಿತ್ತು. ಅಡವಿಡಲು ಏನಿತ್ತು? ನನ್ನ ಮೇಜಿಗೆ ಬಂದಿದ್ದರೆ ಅವರ ಅರ್ಜಿಯ ಮೇಲೂ ನಾನು ಅದೇ ಎರಡು ಪದ ಬರೆಯುತ್ತಿದ್ದೆ. ಆಕ್ಸೆಲ್ 2009ರಲ್ಲಿ 10 ಲಕ್ಷ ಡಾಲರ್ ಹಾಕಿತು. 2018ರಲ್ಲಿ ವಾಲ್‌ಮಾರ್ಟ್ ಆ ಕಂಪನಿಯ ನೂರಕ್ಕೆ 77 ಪಾಲನ್ನು 1,600 ಕೋಟಿ ಡಾಲರಿಗೆ ಕೊಂಡಿತು.

ನಮ್ಮ ತಮಿಳುನಾಡಿನ ಮಾತೂ ಇದೆ. 2010ರಲ್ಲಿ ಗಿರೀಶ್ ಮಾತೃಭೂತಂ ಅವರು ಚೆನ್ನೈಯಲ್ಲಿ ಫ್ರೆಶ್‌ಡೆಸ್ಕ್ ಎಂಬ ಕಂಪನಿ ತೆರೆದರು. ಗಿರಾಕಿಗಳ ದೂರುಗಳನ್ನು ಒಂದೆಡೆ ಸೇರಿಸಿ ಪರಿಹರಿಸುವ ತಂತ್ರಾಂಶ. 2011ರಲ್ಲಿ ಆಕ್ಸೆಲ್ ಅದಕ್ಕೂ 10 ಲಕ್ಷ ಡಾಲರ್ ಕೊಟ್ಟಿತು. ಅದು ಫ್ರೆಶ್‌ವರ್ಕ್ಸ್ ಎಂದು ಹೆಸರು ಬದಲಿಸಿಕೊಂಡು 2021ರಲ್ಲಿ ಅಮೆರಿಕದ ನಾಸ್ಡಾಕ್ ಷೇರುಪೇಟೆ ಏರಿತು. ಪಾಲು ಪಡೆದಿದ್ದ ನೌಕರರಲ್ಲಿ 500ಕ್ಕೂ ಹೆಚ್ಚು ಜನ ಕೋಟ್ಯಧೀಶರಾದರೆಂದು ಗಿರೀಶರೇ ಹೇಳಿದರು.

ಇಷ್ಟು ಕೇಳಿ ಇದು ಅಕ್ಷಯಪಾತ್ರೆ ಎಂದುಕೊಳ್ಳಬೇಡಿ. 2020ರಲ್ಲಿ ಬೆಂಗಳೂರಿನಲ್ಲಿ 'ಕೂ' ಎಂಬುದೊಂದು ಹುಟ್ಟಿತು. ನಮ್ಮ ಭಾಷೆಗಳಲ್ಲೇ ನಾಲ್ಕು ಮಾತು ಬರೆದು ಊರಿಗೆಲ್ಲ ಹೇಳುವ ಜಾಗ. ಅದು ಮೊದಲು ಬಾಯಿಬಿಟ್ಟದ್ದು ಕನ್ನಡದಲ್ಲಿ. ಹಣ ಹಾಕಿದವರಲ್ಲಿ ಆಕ್ಸೆಲ್ ಕೂಡ ಇತ್ತು. ಮಂತ್ರಿಗಳು, ಆಟಗಾರರು ಎಲ್ಲರೂ ಅಲ್ಲಿ ಬರೆದರು. ಆದರೂ ಖರ್ಚಿನಷ್ಟು ಆದಾಯ ಬರಲಿಲ್ಲ. 2024ರ ಜುಲೈಯಲ್ಲಿ ಮುಚ್ಚಿಹೋಯಿತು.

ಈಗ ಮತ್ತೆ ಲೆಕ್ಕ. ಹತ್ತು ಕಡೆ ತಲಾ ಒಂದು ಲಕ್ಷ ಪಾಲಿಗೆ ಹಾಕಿದೆವೆನ್ನಿ. ಆರು ಪೂರ್ತಿ ಮುಳುಗಿದವು. ಮೂರು, ಹಾಕಿದ್ದನ್ನು ಹಾಕಿದಷ್ಟೇ ಕೊಟ್ಟವು. ಒಂದು ಮಾತ್ರ ಇಪ್ಪತ್ತು ಪಟ್ಟು ಬೆಳೆಯಿತು. ಹತ್ತು ಲಕ್ಷಕ್ಕೆ ಇಪ್ಪತ್ತಮೂರು ಲಕ್ಷ ಬಂತು. ಹತ್ತರಲ್ಲಿ ಒಬ್ಬ ಸೋತರೆ ಬ್ಯಾಂಕು ಬೆವರುತ್ತದೆ. ಹತ್ತರಲ್ಲಿ ಆರು ಸೋತರೂ ಇವರು ತಡೆಯುತ್ತಾರೆ. 'ಕೂ' ಮುಚ್ಚಿದಾಗ ಕೆಲಸ ಕಳೆದುಕೊಂಡವರಿಗೆ ಅದು ನೋವಿನ ದಿನವೇ. ಆದರೆ ಪಾಲಿಗೆ ಹಾಕಿದ ಹಣವನ್ನು ಕಟ್ಟಿದವರ ಮನೆ ಜಪ್ತಿ ಮಾಡಿ ವಸೂಲು ಮಾಡುವಂತಿಲ್ಲ. ಎರಡು ಮಗ್ಗ ಕಳೆದುಕೊಂಡ ತಾಯಿಯನ್ನು ನೆನೆಸಿಕೊಂಡರೆ ಇದು ಸಣ್ಣ ಸಂಗತಿಯಲ್ಲ.

ಹಾಗಾದರೆ ಇದು ಧರ್ಮದ ದುಡ್ಡೇ? ಅಲ್ಲವೇ ಅಲ್ಲ. ವಾರಕ್ಕೆ ಕೊಟ್ಟವನು ಕಣದಲ್ಲಿ ಬಂದು ನಿಲ್ಲುತ್ತಾನೆ. ಮತ್ತೆ ಮತ್ತೆ ಹಣ ತಂದಂತೆಲ್ಲ ಕಟ್ಟಿದವರ ಪಾಲು ಕರಗುತ್ತದೆ. ಫ್ಲಿಪ್‌ಕಾರ್ಟ್ ಮಾರಾಟವಾಗುವ ಹೊತ್ತಿಗೆ ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬೊಬ್ಬರಿಗೆ ಉಳಿದಿದ್ದದ್ದು ನೂರಕ್ಕೆ ಸುಮಾರು ಐದು. ಆ ಐದರಲ್ಲೇ ಅವರು ಬಹಳ ದೊಡ್ಡ ಶ್ರೀಮಂತರಾದರು, ನಿಜ. ಆದರೆ ಸಚಿನ್ ಆ ಮಾರಾಟದೊಡನೆಯೇ ಹೊರಬಂದರು; ಬಿನ್ನಿ ಅದೇ ವರ್ಷದ ನವೆಂಬರಿನಲ್ಲಿ ಅಧಿಕಾರ ಬಿಟ್ಟರು. ಮತ್ತೊಂದು ಮಾತು: ಇಪ್ಪತ್ತು ಪಟ್ಟು ಬೆಳೆಯುವ ಆಸೆಯಿಲ್ಲದ ಕೆಲಸಕ್ಕೆ ಈ ಹಣ ಬರುವುದಿಲ್ಲ. ಕಿರಾಣಿ ಅಂಗಡಿಗೂ ಹಸು ಕಟ್ಟುವವನಿಗೂ ಬ್ಯಾಂಕೇ ಗತಿ, ಅದೇ ಹಿತ.

ನಷ್ಟವನ್ನು ಹಂಚಿಕೊಳ್ಳುವ ವಿದ್ಯೆ ನಮ್ಮ ಊರಿಗೂ ಹೊಸದಲ್ಲ. 1984ರಲ್ಲಿ ಉಡುಮಲೈಪೇಟೆಯಲ್ಲೇ ಸಹೋದರರಿಬ್ಬರು ಆರಂಭಿಸಿದ ಸುಗುಣ ಕೋಳಿ ಕಂಪನಿ ಮುಂದೆ ಹಿಡಿದ ದಾರಿ ಅದೇ. ಮರಿ, ಮೇವು, ಔಷಧ ಕಂಪನಿಯದು. ಶೆಡ್ಡು ಮತ್ತು ದುಡಿಮೆ ರೈತನದು. ಪೇಟೆಯಲ್ಲಿ ಕೋಳಿಯ ಬೆಲೆ ಬಿದ್ದರೆ ಆ ಪೆಟ್ಟು ಮೊದಲು ಕಂಪನಿಗೆ. ಈ ಏರ್ಪಾಟು ನಮ್ಮ ಹಳ್ಳಿಗಳಿಂದ ಹೊರಟು ಬೇರೆ ರಾಜ್ಯಗಳಿಗೂ ಹೋಯಿತು.

ಕೊನೆಗೆ ನಮ್ಮ ಮನೆಯ ಮಾತೊಂದು ಹೇಳಿ ಮುಗಿಸುತ್ತೇನೆ. ನನ್ನ ತಮ್ಮನ ಮಗ ತೆಂಗಿನ ತೋಟದ ಮಣ್ಣಿನ ತೇವ ಅಳೆದು ಫೋನಿಗೆ ಸುದ್ದಿ ಕಳಿಸುವ ಯಂತ್ರ ಮಾಡುತ್ತಿದ್ದಾನೆ. ಹೋದ ವರ್ಷ ನನ್ನ ಮನೆಯ ಪತ್ರ ಕೇಳಲು ಬಂದ. ಅಡವಿಟ್ಟು ಸಾಲ ತೆಗೆಯುವ ಯೋಚನೆ. ನಾನು ಆಗುವುದಿಲ್ಲ ಎಂದೆ. ತಮ್ಮ ನನ್ನೊಡನೆ ನಾಲ್ಕು ತಿಂಗಳು ಮಾತು ಬಿಟ್ಟ. ಬ್ಯಾಂಕಿನವನ ಬುದ್ಧಿ ಹೋಗಲಿಲ್ಲ ಎಂದು ನೆಂಟರ ಮುಂದೆ ಆಡಿದ. ದೀಪಾವಳಿಗೆ ನಾನೇ ಅವರ ಮನೆಗೆ ಹೋದೆ. ಪತ್ರ ಕೊಡುವುದಿಲ್ಲ, ಆದರೆ ಹೋದರೆ ಹೋಗಲಿ ಎನ್ನಬಹುದಾದಷ್ಟು ಹಣ ತಂದಿದ್ದೇನೆ, ಬಡ್ಡಿ ಬೇಡ, ಪಾಲು ಬರೆದುಕೊಡು ಎಂದೆ. ಹುಡುಗ ನಕ್ಕ. ನೂರಕ್ಕೆ ನಾಲ್ಕು ಬರೆದುಕೊಟ್ಟ.

'ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ' ಎಂಬ ಗಾದೆ ನಮ್ಮಲ್ಲಿದೆ. ಈ ವ್ಯವಹಾರದಲ್ಲಿ ನಾನು ಕೋಡಂಗಿಯಾಗಬಹುದು, ಹಾಕುವಾಗಲೇ ಒಪ್ಪಿದ್ದೇನೆ. ಆದರೆ ಮಳೆ ಕೈಕೊಟ್ಟರೂ ನಮ್ಮಿಬ್ಬರ ಮನೆಯ ಸೂರು ನಿಂತಿರುತ್ತದೆ. ನಿಮ್ಮ ಮನೆಯ ಮಕ್ಕಳು ಹೊಸ ಯೋಚನೆಯೊಂದನ್ನು ತಂದಾಗ ಬೈದು ಕಳಿಸಬೇಡಿ. ಮನೆಯ ಪತ್ರವನ್ನು ಎತ್ತಿಕೊಡಲೂ ಬೇಡಿ. ಇದು ಗುತ್ತಿಗೆಯ ಕೆಲಸವೋ ವಾರದ ಕೆಲಸವೋ ಎಂದು ಮೊದಲು ಕೇಳಿ. ಮೂವತ್ತೈದು ವರ್ಷದ ಹಿಂದೆ ನಾನು ಆ ಹುಡುಗನನ್ನು ಕೇಳದೆ ಬಿಟ್ಟ ಪ್ರಶ್ನೆ ಅದು.